ಅಳಿಯನ ಪಿಕಪ್ಪೂ ಅಕ್ಕನ ಮೊಣಕಾಲೂ



ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿದ ಮಾಸ್ತರನೊಬ್ಬ ಪಿಕಪ್ ವಾಹನದ ಬಗಲಿಗೆ ಯಾವ ಕಬ್ಬಿಣ ಕಟ್ಟಿಸಬೇಕೆಂಬುದನ್ನು ಕುರಿತು ಬರೆಯಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗೆ ಬಂದೀತು. ಬರಲಿ. ಆರು ತಿಂಗಳ ಹಿಂದೆ ನನಗೂ ಈ ವಿಷಯದ ಗಂಧಗಾಳಿ ಇರಲಿಲ್ಲ. ಈಗ ಬರೆಯಲೇಬೇಕಾದ ಪ್ರಸಂಗ ಒದಗಿದೆ. ನಿಮ್ಮಲ್ಲಿ ಹಲವರು ಹೊಲ, ತೋಟ, ಗುತ್ತಿಗೆ, ವ್ಯಾಪಾರಗಳಲ್ಲಿ ನಾಲ್ಕು ಕಾಸು ಕಂಡು ಇಂಥ ವಾಹನಗಳನ್ನು ಕೊಂಡವರು, ಇಲ್ಲವೇ ಕೊಳ್ಳಲಿರುವವರು. ಆದ್ದರಿಂದ ಇದು ನಿಮಗೆಂದೇ ಬರೆದದ್ದು. ಕೊಂಚ ಖಾರವಾಗಿ ಬರೆದರೆ ತರಗತಿಯಲ್ಲಿ ತಿಂದ ಬೈಗುಳವನ್ನು ನೆನೆಸಿಕೊಂಡು ಸಹಿಸಿಕೊಳ್ಳಿ.

ಮಂಗಳೂರು ಎಂದೊಡನೆ ಕಡಲು, ಮೀನು, ಹಂಚಿನ ಕಾರ್ಖಾನೆಗಳನ್ನು ನೆನೆಯುವ ಹೊಸ ಓದುಗರಿಗೆ ಒಂದು ಮಾತು. ನಮ್ಮದು ಆ ಮಂಗಳೂರಲ್ಲ. ಯಲಬುರ್ಗಾ ಸೀಮೆಯ, ಈಗ ಕುಕನೂರು ತಾಲ್ಲೂಕಿಗೆ ಸೇರಿದ, ಕೊಪ್ಪಳ ಜಿಲ್ಲೆಯ ಮಂಗಳೂರು. ಇಲ್ಲಿ ಕಡಲಿಲ್ಲ, ಕಡಲೆ ಇದೆ, ಜೋಳ ಇದೆ, ಮಳೆ ಬಂದರೆ ಮೊಣಕಾಲುದ್ದ ಹೂಳುವ ಎರೆಭೂಮಿ ಇದೆ. ಈ ಭೂಮಿಯ ಗುಣ ಮುಂದೆ ನಮ್ಮ ವಾದಕ್ಕೆ ಬೇಕಾಗುತ್ತದೆ.

ಈಗ ಪ್ರಸಂಗಕ್ಕೆ ಬರುತ್ತೇನೆ. ನನ್ನ ಅಕ್ಕನಿಗೆ ಎಪ್ಪತ್ತನಾಲ್ಕು ವಯಸ್ಸು. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ನನ್ನ ಈ ಅಳಿಯ ಮಸಾರಿ ಭೂಮಿಯಲ್ಲಿ ದಾಳಿಂಬೆ ಬೆಳೆದು ಮುಂದೆ ಬಂದವನು; ಶ್ರಮಜೀವಿ, ತಾಯಿಯ ಮೇಲೆ ಪ್ರೀತಿಯುಳ್ಳವನು. ಎರಡು ವರ್ಷದ ಹಿಂದೆ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಎಂಬ ನಾಲ್ಕೂ ಗಾಲಿ ಎಳೆಯುವ ಪಿಕಪ್ಪನ್ನು ಎರಡನೆಯ ಕೈಯಿಂದ ಕೊಂಡ. ಮುಂದೆ ಐದು ಜನ ಕೂಡುವ ಕೋಣೆ, ಹಿಂದೆ ಹಣ್ಣಿನ ಕ್ರೇಟುಗಳಿಗೆ ತೆರೆದ ತೊಟ್ಟಿ. ಕೊಂಡಾಗ ಅದರ ಎರಡೂ ಬದಿಗೆ ಬಾಗಿಲ ಕೆಳಗೆ ಅಗಲವಾದ ಮೆಟ್ಟಿಲಿತ್ತು. ಅಕ್ಕ ಒಂದು ಕಾಲನ್ನು ಅದರ ಮೇಲಿಟ್ಟು, ಒಳಗಿನ ಹಿಡಿಕೆ ಹಿಡಿದು, ‘ಶಿವಾ’ ಎಂದು ಏರಿ ಕುಳಿತುಬಿಡುತ್ತಿದ್ದಳು. ಆಸ್ಪತ್ರೆಗೆ, ಮದುವೆಗೆ, ತವರಿಗೆ ಎಲ್ಲಕ್ಕೂ ಅದೇ ವಾಹನ.

ಕಳೆದ ದೀಪಾವಳಿಗೆ ಬಂದಾಗ ಮೆಟ್ಟಿಲು ಮಾಯವಾಗಿತ್ತು. ಅದರ ಸ್ಥಳದಲ್ಲಿ ಕಪ್ಪು ಬಣ್ಣ ಬಳಿದ, ದುಂಡನೆಯ ದಪ್ಪ ಪೈಪೊಂದು ಬಾಗಿಲಿನ ಅಂಚಿಗೆ ಒತ್ತಿಕೊಂಡಂತೆ ಕುಳಿತಿತ್ತು. ‘ಇದೇನಪ್ಪಾ’ ಎಂದೆ. ‘ರಾಕ್ ಸ್ಲೈಡರ್ ಮಾಮಾ. ಈ ಗಾಡಿಗೆ ಫುಟ್‌ಸ್ಟೆಪ್ ಅಂದ್ರ ಹುಲಿಗೆ ಗೆಜ್ಜಿ ಕಟ್ಟಿಧಂಗ. ನೋಡಿದವರು ನಗತಾರ’ ಎಂದ. ಅಂದು ಅಕ್ಕನನ್ನು ಏರಿಸಲು ಮೊಮ್ಮಗ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟ. ನಾನೂ ನೋಡಿ ಸುಮ್ಮನಾದೆ. ಆ ಸುಮ್ಮನಿದ್ದುದಕ್ಕೆ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದರು. ಸಂಜೆಗತ್ತಲು, ವಾಹನ ನಿಲ್ಲಿಸಿದ್ದು ಇಳಿಜಾರಿನಲ್ಲಿ, ಸ್ಟೂಲು ಮನೆಯಲ್ಲಿ. ಅಕ್ಕ ಇಳಿಯುವಾಗ ಆ ದುಂಡು ಪೈಪಿನ ಮೇಲೆ ಕಾಲಿಡಹೋದಳು. ಕಾಲಿಡಲು ಅಲ್ಲಿ ನಾಲ್ಕು ಬೆರಳು ಜಾಗವೂ ಇರಲಿಲ್ಲ. ಜಾರಿ ಬಿದ್ದು ಬಲ ಮುಂಗೈ ಮುರಿಯಿತು, ಮೊಣಕಾಲಿಗೆ ಪೆಟ್ಟಾಯಿತು. ಮುಂಗೈ ಕೂಡಿಕೊಂಡಿದೆ. ಆದರೆ ನೋಡಲು ಹೋದ ನನಗೆ ಅವಳು ಹೇಳಿದ ಮಾತು ಕೂಡಿಕೊಂಡಿಲ್ಲ: ‘ತಮ್ಮಾ, ಇನ್ನ ಮ್ಯಾಲೆ ನಾ ಎಲ್ಲಿಗೂ ಬರೂದಿಲ್ಲ. ಆ ಗಾಡಿ ಹುಡುಗರಿಗೆ ಇರಲಿ.’ ಯುಗಾದಿಗೆ ತವರಿಗೆ ಬರಲಿಲ್ಲ. ನಮ್ಮ ಮನೆಯ ಯುಗಾದಿಗೆ ಅಕ್ಕ ಬಾರದಿದ್ದುದು ನನ್ನ ನೆನಪಿನಲ್ಲಿ ಇದೇ ಮೊದಲು.

ಇನ್ನು ವಿಷಯವನ್ನು ಕ್ರಮವಾಗಿ ನೋಡೋಣ. ಸೈಡ್ ಸ್ಟೆಪ್ ಎಂದರೇನು? ಏರುವವರ ಪಾದಕ್ಕೆಂದು ಬಾಗಿಲ ಕೆಳಗೆ ತೂಗುವ ಹಲಗೆ ಅಥವಾ ಪೈಪು. ಇದು ಹೊಸದೇನಲ್ಲ, 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಎರಡೂ ಬದಿಗೂ ಉದ್ದನೆಯ ಹಲಗೆಯಿತ್ತು. ಮುಂದೆ ಕಾರುಗಳು ನೆಲಕ್ಕೆ ಹತ್ತಿರವಾದಂತೆ ಹಲಗೆ ಹೋಯಿತು, ವಾಹನಗಳು ಮತ್ತೆ ಎತ್ತರವಾದಂತೆ ಅದೂ ಮರಳಿತು. ಸಾಮಾನ್ಯವಾಗಿ ಇದನ್ನು ತೆಳುವಾದ ಬ್ರಾಕೆಟ್ಟುಗಳಿಂದ ತೂಗಿಸಿರುತ್ತಾರೆ. ಮನುಷ್ಯನೊಬ್ಬನ ಭಾರವನ್ನು ಇದು ಹೊರುತ್ತದೆ, ವಾಹನದ ಭಾರವನ್ನು ಹೊರಲಾರದು.

ರಾಕ್ ಸ್ಲೈಡರ್ ಎಂದರೇನು? ಬಂಡೆಗಳ ಮೇಲೆ ವಾಹನ ನಡೆಸುವಾಗ ಬಾಗಿಲ ಕೆಳಗಿನ ತಗಡು ಬಂಡೆಗೆ ತಾಗಿ ನಜ್ಜುಗುಜ್ಜಾಗದಂತೆ ಕಾಪಾಡುವ ಗಟ್ಟಿ ಉಕ್ಕಿನ ದಿಂಡು. ಹೆಸರೇ ಹೇಳುವಂತೆ ವಾಹನ ತನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿ ಬಂಡೆಯ ಮೇಲೆ ಜಾರಿ ಮುಂದೆ ಹೋಗಬೇಕು. ಆದ್ದರಿಂದ ಇದನ್ನು ಬಾಡಿಯ ತಗಡಿಗೆ ಕಟ್ಟುವಂತಿಲ್ಲ. ವಾಹನದ ಬೆನ್ನೆಲುಬಾದ ಏಣಿಯಾಕಾರದ ಚಾಸಿಗೇ ಬಿಗಿಯಬೇಕು. ಅಮೆರಿಕದ ಯೂಟಾ ರಾಜ್ಯದ ಮೋಆಬ್, ಕ್ಯಾಲಿಫೋರ್ನಿಯದ ರೂಬಿಕಾನ್ ದಾರಿ ಮೊದಲಾದ ಬಂಡೆಗಾಡಿನಲ್ಲಿ ವಾಹನ ಹರಿಸುವ ಹವ್ಯಾಸಿಗಳಿಗೆ ಇದು ಬೇಕೇ ಬೇಕಾದ ಸಾಧನ. ನಮ್ಮ ದೇಶದಲ್ಲೂ 2014ರಿಂದ ಗೋವೆಯಲ್ಲಿ ರೈನ್‌ಫಾರೆಸ್ಟ್ ಚಾಲೆಂಜ್ ಎಂಬ ಸ್ಪರ್ಧೆ ನಡೆದಿದೆ. ಅಂಥಲ್ಲಿಗೆ ಹೋಗುವವರು ಸ್ಲೈಡರ್ ಕಟ್ಟಿಸಿದರೆ ನನ್ನ ತಕರಾರಿಲ್ಲ. ಸಕಲೇಶಪುರ, ಕೊಡಗಿನ ತೋಟಗಳೊಳಗೆ ಬೇರು, ಕಲ್ಲು, ಕೊರಕಲುಗಳ ದಾರಿಯಲ್ಲಿ ದಿನವೂ ಓಡಾಡುವವರಿಗೂ ಅದರ ಉಪಯೋಗವುಂಟು.

ಅಳಿಯನ ಮೊದಲ ವಾದ ಹೀಗಿದೆ: ಮೆಟ್ಟಿಲು ಕೆಳಗೆ ತೂಗುವುದರಿಂದ ದಿಬ್ಬ ದಾಟುವಾಗ ನೆಲಕ್ಕೆ ತಾಗುತ್ತದೆ. ಗಣಿತದ ಮಾಸ್ತರನಾಗಿ ಈ ವಾದವನ್ನು ನಾನು ಒಪ್ಪಲೇಬೇಕು. ಅವನ ವಾಹನದ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ 3,095 ಮಿ.ಮೀ. ದೂರವಿದೆ. ನಾನು ಟೇಪು ಹಿಡಿದು ಅಳೆದಂತೆ ಬಾಗಿಲ ಕೆಳಗಿನ ಅಂಚು ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ, ಹಳೆಯ ಮೆಟ್ಟಿಲಿನ ತಳವು 34 ಸೆಂ.ಮೀ.ನಲ್ಲಿತ್ತು. ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು: ಎರಡೂ ಗಾಲಿಗಳು ನೆಲ ಮುಟ್ಟುವ ಬಿಂದುಗಳಿಂದ ನಡುವಿನ ಬಿಂದುವಿಗೆ ಗೆರೆ ಎಳೆಯಿರಿ. ಗಾಲಿಯ ಗಾತ್ರವನ್ನು ಬಿಟ್ಟು ಸರಳವಾಗಿ ಲೆಕ್ಕ ಹಾಕಿದರೆ, ಮೆಟ್ಟಿಲಿಲ್ಲದಾಗ ಬದಿಯ ಅಂಚು ದಾಟಬಲ್ಲ ದಿಬ್ಬದ ಕೋನ ಸುಮಾರು 32 ಡಿಗ್ರಿ. ಮೆಟ್ಟಿಲಿದ್ದಾಗ ಸುಮಾರು 25 ಡಿಗ್ರಿ. ಏಳು ಡಿಗ್ರಿ ನಷ್ಟ. ಇದು ಸತ್ಯ.

ಆದರೆ ಲೆಕ್ಕವನ್ನು ಅರ್ಧಕ್ಕೆ ಬಿಟ್ಟವನಿಗೆ ನಾನು ಎಂದೂ ಪೂರ್ತಿ ಅಂಕ ಕೊಟ್ಟವನಲ್ಲ. ಉಳಿದರ್ಧ ಇಲ್ಲಿದೆ. ವಾಹನದ ಒಳನೆಲ ಭೂಮಿಯಿಂದ 62 ಸೆಂ.ಮೀ. ಎತ್ತರದಲ್ಲಿದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲೊಂದರ ಎತ್ತರ 19 ಸೆಂ.ಮೀ. ಮೀರಬಾರದು. ಅಂದರೆ ಮೂರು ಮೆಟ್ಟಿಲಿಗಿಂತ ಹೆಚ್ಚಿನ ಎತ್ತರವನ್ನು ಅಕ್ಕ ಒಂದೇ ಹೆಜ್ಜೆಯಲ್ಲಿ ಏರಬೇಕು, ಅದೂ ಇಳಕಲ್ ಸೀರೆಯುಟ್ಟು. ಹಳೆಯ ಮೆಟ್ಟಿಲಿನ ಮೇಲ್ಮೈ 38 ಸೆಂ.ಮೀ.ನಲ್ಲಿತ್ತು, ಹೀಗಾಗಿ ಏರಿಕೆ 38 ಮತ್ತು 24 ಎಂದು ಎರಡು ಪಾಲಾಗುತ್ತಿತ್ತು. ಮೊದಲ ಪಾಲು ಆಗಲೂ ಕಷ್ಟವೇ, ಆದರೂ ಏರುತ್ತಿದ್ದಳು. ಏಳು ಡಿಗ್ರಿ ಎಂದಾದರೊಂದು ದಿನ ಎದುರಾಗಬಹುದಾದ ದಿಬ್ಬಕ್ಕೆ ಸಂಬಂಧಿಸಿದ್ದು. ಈ 62 ಸೆಂ.ಮೀ. ದಿನಕ್ಕೆ ನಾಲ್ಕು ಬಾರಿ ಎದುರಾಗುವಂಥದ್ದು.

ಆ ದಿಬ್ಬವಾದರೂ ಎಲ್ಲಿದೆ? ನಮ್ಮ ಜಿಲ್ಲೆಯಲ್ಲಿ ಬಂಡೆಗಳಿಗೆ ಬರವಿಲ್ಲ ನಿಜ. ಗಂಗಾವತಿ, ಆನೆಗುಂದಿಗಳ ಕಡೆ ಆನೆಗಾತ್ರದ ಗ್ರಾನೈಟ್ ಗುಂಡುಗಳು ರಾಶಿ ಬಿದ್ದಿವೆ. ಆದರೆ ಅವು ವಾಹನ ಹರಿಸಲು ಇಟ್ಟ ಬಂಡೆಗಳಲ್ಲ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಗೋರಿಗಳಿವೆ. ಜನ ಅವುಗಳನ್ನು ‘ಮೋರ್ಯರ ಮನೆ’ಗಳೆನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಲ್ಲಿಗೆ ಕಾಲ್ನಡಿಗೆಯಿಂದ ಏರುವುದೇ ಯೋಗ್ಯ. ನನ್ನ ವಿದ್ಯಾರ್ಥಿಗಳನ್ನು ನಾನು ಹಾಗೆಯೇ ಕರೆದೊಯ್ದದ್ದು. ಅಂಜನಾದ್ರಿಗೆ 575 ಮೆಟ್ಟಿಲು. ಅಲ್ಲಿ ಯಾವ ಪಿಕಪ್ಪೂ ಏರದು. ಸ್ಲೈಡರ್ ಕಟ್ಟಿಸಿದೆನೆಂಬ ಹುಮ್ಮಸ್ಸಿನಲ್ಲಿ ಯಾರಾದರೂ ಅಂಥ ಗುಡ್ಡಗಳಿಗೆ ವಾಹನ ಹತ್ತಿಸಿದರೆ ಅದು ಸಾಹಸವಲ್ಲ, ಸಾವಿರಾರು ವರ್ಷ ಉಳಿದುಬಂದದ್ದನ್ನು ಒಂದು ಮಧ್ಯಾಹ್ನದಲ್ಲಿ ಕೆಡಿಸುವ ಅವಿವೇಕ.

ಇನ್ನು ಯಲಬುರ್ಗಾ, ಕುಕನೂರುಗಳ ಎರೆಭೂಮಿ. ಇದರ ಜೇಡಿಮಣ್ಣು ನೀರು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಾಯ್ಬಿಡುತ್ತದೆ. ಮುಂಗಾರಿನಲ್ಲಿ ಇಲ್ಲಿ ವಾಹನಕ್ಕೆ ಬರುವ ಕಷ್ಟ ಬಂಡೆಯದಲ್ಲ, ರಾಡಿಯದು. ಗಾಲಿ ಹೂತು ಹೊಟ್ಟೆ ನೆಲಕ್ಕೆ ಕೂತಾಗ ಸ್ಲೈಡರ್ ಜಾರುವುದಿಲ್ಲ, ಅದೂ ಜೊತೆಗೆ ಹೂಳುತ್ತದೆ. ಅಲ್ಲಿ ಬೇಕಾದದ್ದು ಒಳ್ಳೆಯ ಹಲ್ಲಿನ ಟೈರು, ಒಂದು ಸಲಿಕೆ, ಎರಡು ಹಲಗೆ, ಗಟ್ಟಿ ಹಗ್ಗ, ಮತ್ತು ಮಳೆ ಬಿದ್ದ ದಿನ ಹೊಲಕ್ಕೆ ವಾಹನ ಇಳಿಸದಿರುವ ಬುದ್ಧಿ. ಹೊಲದ ದಾರಿಯ ನಡುವೆ ಎದ್ದ ಕಲ್ಲಿಗೆ ಮೊದಲು ತಾಗುವುದು ಹೊಟ್ಟೆಯ ಕೆಳಗಿನ ಭಾಗಗಳು. ಬದಿಯ ಸ್ಲೈಡರ್ ಆಯಿಲ್ ಚೇಂಬರನ್ನಾಗಲಿ ಡಿಫರೆನ್ಷಿಯಲನ್ನಾಗಲಿ ಕಾಯುವುದಿಲ್ಲ. ಅಳಿಯನ ವಾಹನ ಓಡಾಡುವುದು ಎಲ್ಲಿ? ತೋಟದಿಂದ ಡಾಂಬರು ರಸ್ತೆಗೆ, ಅಲ್ಲಿಂದ ಮಾರುಕಟ್ಟೆಗೆ. ಎರಡು ವರ್ಷದಲ್ಲಿ ಅವನ ಹಳೆಯ ಮೆಟ್ಟಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ದನದ ಕೊಟ್ಟಿಗೆಯ ಅಟ್ಟದ ಮೇಲಿದೆ, ನಾನೇ ಇಳಿಸಿ ನೋಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ವಿಪರ್ಯಾಸ ಮುಂದಿದೆ. ಅವನು ಕಟ್ಟಿಸಿದ್ದು ಸ್ಲೈಡರೇ ಅಲ್ಲ! ನಾನು ನೆಲಕ್ಕೆ ಮಲಗಿ ಟಾರ್ಚು ಬಿಟ್ಟು ನೋಡಿದೆ. ದಪ್ಪವಾಗಿ ಕಂಡ ಪೈಪು ಒಳಗೆ ತೆಳು ತಗಡಿನದು. ಅದನ್ನು ಹಿಡಿದಿದ್ದ ಬ್ರಾಕೆಟ್ಟುಗಳು ಚಾಸಿಯನ್ನು ಮುಟ್ಟಿಯೇ ಇರಲಿಲ್ಲ, ಹಳೆಯ ಮೆಟ್ಟಿಲು ಕಟ್ಟಿದ್ದ ರಂಧ್ರಗಳಿಗೇ ಬೋಲ್ಟು ಹಾಕಿದ್ದರು. ಬಂಡೆಗೆ ತಾಗಿದರೆ ಅದು ಬಾಗಿಲಿನ ಅಂಚಿಗೇ ಮಡಚಿಕೊಂಡು, ಕಾಯಬೇಕಾದ ತಗಡನ್ನೇ ಒಳಕ್ಕೆ ಒತ್ತುತ್ತದೆ. ಕಟ್ಟಿಕೊಟ್ಟ ಗ್ಯಾರೇಜಿನ ಹೆಸರು ನನಗೆ ಬೇಡ. ಇಂಥದ್ದು ಎಲ್ಲೆಡೆ ಮಾರಾಟವಾಗುತ್ತಿದೆ. ಹೀಗೆ ಅವನಿಗೆ ಸ್ಲೈಡರಿನ ರಕ್ಷಣೆಯೂ ಸಿಗಲಿಲ್ಲ, ಅಕ್ಕನಿಗೆ ಮೆಟ್ಟಿಲೂ ಉಳಿಯಲಿಲ್ಲ. ಸಿಕ್ಕಿದ್ದು ನೋಟ ಮಾತ್ರ. ‘ಮೇಲೆ ಬಸಪ್ಪ, ಒಳಗೆ ವಿಷಪ್ಪ’ ಎಂಬ ನಮ್ಮ ಕಡೆಯ ಗಾದೆ ಪೈಪಿಗೂ ಸಲ್ಲುತ್ತದೆಂದು ನಾನು ತಿಳಿದಿರಲಿಲ್ಲ.

ಇದನ್ನು ಪರೀಕ್ಷಿಸುವ ಸುಲಭ ವಿಧಾನ ಒಂದಿದೆ. ವಿಜ್ಞಾನದ ಮಾಸ್ತರನ ಮಾತೆಂದು ನೆನಪಿಡಿ. ಮಾರುವವನಿಗೆ ಹೇಳಿ: ‘ಈ ದಿಂಡಿನ ಕೆಳಗೆ ಜ್ಯಾಕ್ ಇಟ್ಟು ಗಾಲಿ ನೆಲ ಬಿಡುವ ತನಕ ವಾಹನ ಎತ್ತಿ ತೋರಿಸಪ್ಪ.’ ನಿಜವಾದ ಸ್ಲೈಡರ್ ಆ ಭಾರ ಹೊರುತ್ತದೆ. ನಕಲಿಯದಾದರೆ ಮಾರುವವನು ಜ್ಯಾಕ್ ತರಲು ಹೋಗುವ ಮೊದಲೇ ಬೇರೆ ಮಾತು ತೆಗೆಯುತ್ತಾನೆ. ಗಟ್ಟಿ ಉಕ್ಕಿನ ಜೋಡಿ ಅರ್ಧ ಕ್ವಿಂಟಲಿನ ಆಸುಪಾಸು ತೂಗುತ್ತದೆಂಬುದನ್ನೂ ನೆನಪಿಡಿ. ಒಬ್ಬನೇ ಒಂದು ಕೈಯಲ್ಲಿ ಎರಡನ್ನೂ ಎತ್ತಿ ತಂದರೆ ಅದು ಸ್ಲೈಡರಲ್ಲ. ಇನ್ನೊಂದು ಎಚ್ಚರಿಕೆ: ಚಾಸಿಗೆ ಸಿಕ್ಕಸಿಕ್ಕಲ್ಲಿ ರಂಧ್ರ ಕೊರೆಯುವುದು, ವೆಲ್ಡಿಂಗ್ ಮಾಡುವುದು ಕೂಡದು. ವೆಲ್ಡಿಂಗಿನ ಬಿಸಿ ತಾಗಿದ ಕಡೆ ಉಕ್ಕಿನ ಗುಣ ಕೆಡುತ್ತದೆ, ಅಲ್ಲಿಂದಲೇ ಬಿರುಕು ಆರಂಭವಾಗಬಹುದು.

ಕಾನೂನಿನ ಮಾತನ್ನೂ ಒಂದಿಷ್ಟು ಆಡಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ವಾಹನಗಳ ಮುಂಭಾಗಕ್ಕೆ ಕಟ್ಟುವ ಉಕ್ಕಿನ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ದಾರಿಹೋಕರಿಗೆ ಅಪಾಯ ಎಂಬುದೇ ಅದರ ಮುಖ್ಯ ಕಾರಣ. ಬದಿಗೆ ಚಾಚಿದ ಉಕ್ಕಿಗೂ ಅದೇ ತರ್ಕ ಸಲ್ಲಬೇಕಲ್ಲವೇ? ಗಂಗಾವತಿಯ ಪೇಟೆಯಲ್ಲಿ ಸೈಕಲ್ಲು, ತಳ್ಳುಗಾಡಿ, ಟಂಟಂಗಳ ನಡುವೆ ಮೈಗೆ ಮೈ ತಾಗಿಸಿ ಸಾಗುವಾಗ ಹೊರಚಾಚಿದ ದಿಂಡು ಯಾರ ಮೊಣಕಾಲಿಗೆ ತಾಗುತ್ತದೆಂದು ಯೋಚಿಸಿ. ಏನನ್ನೇ ಕಟ್ಟಿಸುವ ಮೊದಲು ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಒಮ್ಮೆ ಕೇಳಿಕೊಳ್ಳಿ.

ಹಾಗೆಂದು ಮೆಟ್ಟಿಲಿಗೆ ದೋಷವೇ ಇಲ್ಲವೆಂದರೆ ನಾನು ಪಕ್ಷಪಾತಿಯಾಗುತ್ತೇನೆ. ಮೆಟ್ಟಿಲು ಕಂಡಲ್ಲಿ ನಮ್ಮ ಜನ ನಿಂತುಬಿಡುತ್ತಾರೆ. ಬಸ್ಸು ವಿರಳವಾಗಿದ್ದ ದಿನಗಳಲ್ಲಿ ಟ್ರ್ಯಾಕ್ಸ್, ಕ್ರೂಸರುಗಳ ಫುಟ್‌ಸ್ಟೆಪ್ಪಿನ ಮೇಲೆ ಒಂದು ಕಾಲೂರಿ, ಕಿಟಕಿ ಹಿಡಿದು ತೂಗಾಡುತ್ತ ಶಾಲೆಗೆ ಬಂದವರು ನಿಮ್ಮಲ್ಲೇ ಇದ್ದೀರಿ. ನಾನು ಗೇಟಿನಲ್ಲಿ ನಿಂತು ನಿಮ್ಮನ್ನು ಇಳಿಸಿ ಕಿವಿ ಹಿಂಡಿದ್ದೂ ನೆನಪಿದ್ದೀತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಹಾಗೆ ಬಿದ್ದು ಕಾಲು ಮುರಿದುಕೊಂಡು ಆ ವರ್ಷದ ಪರೀಕ್ಷೆಯನ್ನೇ ಕಳೆದುಕೊಂಡ. ಮೆಟ್ಟಿಲಿರುವುದು ನಿಂತ ವಾಹನಕ್ಕೆ ಏರಲು. ಓಡುವ ವಾಹನದ ಮೇಲೆ ನಿಲ್ಲಲಿಕ್ಕಲ್ಲ. ನಿಮ್ಮ ಕೂಲಿಯಾಳುಗಳನ್ನೂ ಮಕ್ಕಳನ್ನೂ ಅದರ ಮೇಲೆ ನಿಲ್ಲಲು ಬಿಡಬೇಡಿ. ಇನ್ನೊಂದು ದೋಷ, ಎರೆಮಣ್ಣು ಅದರ ಮೇಲೆ ಮೆತ್ತಿಕೊಂಡು ಜಾರಿಕೆಯಾಗುತ್ತದೆ. ಮಣ್ಣು ಕೆಳಗುದುರುವಂತೆ ರಂಧ್ರಗಳಿರುವ, ಮೇಲ್ಮೈ ಒರಟಾಗಿರುವ ಹಲಗೆಯನ್ನೇ ಆರಿಸಬೇಕು. ಮಿರಮಿರ ಮಿಂಚುವ ಸ್ಟೀಲು ಪೈಪಿನ ಮೆಟ್ಟಿಲು ಕಣ್ಣಿಗೆ ಚೆಂದ, ಒದ್ದೆ ಚಪ್ಪಲಿಗೆ ಶತ್ರು.

ನನ್ನ ಬಾಲ್ಯದಲ್ಲಿ ಚಕ್ಕಡಿಗೆ ಮೆಟ್ಟಿಲಿರಲಿಲ್ಲ. ಆದರೆ ಅಜ್ಜಿ ಏರುವಾಗ ಅಪ್ಪ ಎತ್ತುಗಳ ಮುಂದೆ ನಿಂತು ನೊಗ ಹಿಡಿಯುತ್ತಿದ್ದ, ಅಜ್ಜಿ ಗಾಲಿಯ ಗುಂಬದ ಮೇಲೆ ಕಾಲಿಟ್ಟು, ನನ್ನ ಅಕ್ಕನ ಹೆಗಲು ಹಿಡಿದು ಏರುತ್ತಿದ್ದಳು. ಅಕ್ಕನಿಗೆ ಆಗ ಹದಿನಾಲ್ಕೋ ಹದಿನೈದೋ ವರ್ಷ. ‘ಸಾವಕಾಶ ಆಯಿ, ಅವಸರಿಲ್ಲ’ ಎನ್ನುತ್ತಿದ್ದಳು. ಏರುವವರು ಏರಿ ಕುಳಿತ ಮೇಲೆಯೇ ಬಂಡಿ ಹೊರಡಬೇಕೆಂಬುದು ನಮ್ಮ ಮನೆಯ ರೂಢಿಯಾಗಿತ್ತು. ಅದೇ ಅಕ್ಕ ಈಗ ಮನೆಯಲ್ಲಿ ಕುಳಿತಿದ್ದಾಳೆ, ಲಕ್ಷಾಂತರ ರೂಪಾಯಿಯ ವಾಹನ ಅಂಗಳದಲ್ಲಿ ನಿಂತಿದೆ. ‘ನೋಡಿದವರು ನಗತಾರ’ ಎಂಬ ಭಯಕ್ಕೆ ನಾವು ಇಷ್ಟು ಬೆಲೆ ತೆರಬೇಕೇ? ಯಾರು ಆ ನೋಡಿದವರು? ಅವರಲ್ಲಿ ಒಬ್ಬನಾದರೂ ಜಾತ್ರೆಯ ದಿನ ಅಕ್ಕನ ಕೈ ಹಿಡಿಯಲು ಅಲ್ಲಿದ್ದನೇ?

ಆದುದರಿಂದ ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮನೆಯಲ್ಲಿ ಹಿರಿಯರು, ಗರ್ಭಿಣಿಯರು, ಚಿಕ್ಕ ಮಕ್ಕಳು ಇರುವವರು, ವಾಹನ ಬಹುಪಾಲು ರಸ್ತೆಯಲ್ಲೇ ಓಡುವಂಥವರು ಮೆಟ್ಟಿಲನ್ನೇ ಉಳಿಸಿಕೊಳ್ಳಿ. ತಯಾರಕರೇ ಒದಗಿಸುವ, ಪಾದ ಪೂರ್ತಿ ಊರುವಷ್ಟು ಅಗಲದ್ದಾದರೆ ಒಳ್ಳೆಯದು. ನಿಜವಾಗಿಯೂ ಕಲ್ಲುದಾರಿಯೇ ನಿತ್ಯದ ಪಾಡಾದವರು ಸ್ಲೈಡರ್ ಕಟ್ಟಿಸಿ, ಆದರೆ ಚಾಸಿಗೆ ಬೋಲ್ಟಿನಿಂದ ಬಿಗಿದ ಅಸಲಿಯನ್ನು ಕಟ್ಟಿಸಿ. ಮೇಲ್ಭಾಗ ಚಪ್ಪಟೆಯಾಗಿದ್ದು ಕಾಲಿಡಲು ಒರಟು ತಗಡು ಹೊದಿಸಿದ ಸ್ಲೈಡರುಗಳೂ ಸಿಗುತ್ತವೆ. ಅವು ಎತ್ತರದಲ್ಲೇ ಇರುವುದರಿಂದ ಹಿರಿಯರಿಗೆ ಸಾಲವು, ಜೊತೆಗೊಂದು ಗಟ್ಟಿ ಮರದ ಪೀಠವನ್ನು ವಾಹನದಲ್ಲೇ ಕಾಯಂ ಇಟ್ಟುಕೊಳ್ಳಿ. ಎರಡರ ನಡುವಿನ ತೋರಿಕೆಯ ಪೈಪನ್ನು ಮಾತ್ರ ಯಾರೂ ಕಟ್ಟಿಸಬೇಡಿ. ಬಾಗಿಲಿನ ಪಕ್ಕದ ಹಿಡಿಕೆ ಭದ್ರವಾಗಿದೆಯೇ ಎಂದೂ ನೋಡಿಕೊಳ್ಳಿ. ಮೆಟ್ಟಿಲಿನಷ್ಟೇ ಅದೂ ಮುಖ್ಯ.

ಈ ಬರಹವನ್ನು ಪ್ರಕಟಿಸುವ ಮೊದಲು ಅಳಿಯನಿಗೇ ಓದಿ ಹೇಳಿದೆ. ಮೊದಲು ಮುಖ ಗಂಟಿಕ್ಕಿಕೊಂಡ. ‘ಮಾಮಾ, ನನ್ನ ಮಾನ ಕಳೀತೀರಿ’ ಎಂದ. ಹೆಸರು ಬರೆದಿಲ್ಲವಲ್ಲ ಎಂದೆ. ‘ನಮ್ಮ ಮಂದಿಗೆ ಹೆಸರ ಬೇಕೇನ್ರಿ?’ ಎಂದ. ಅದೂ ನಿಜವೇ. ಅನಂತರ ಬಹಳ ಹೊತ್ತು ಮಾತಾಡದೆ ಕುಳಿತಿದ್ದು, ಎದ್ದು ಹೋಗುವಾಗ ನನ್ನ ಅಳತೆ ಟೇಪನ್ನು ಕೇಳಿ ತೆಗೆದುಕೊಂಡು ಹೋದ. ಕೊಟ್ಟಿಗೆಯ ಅಟ್ಟದ ಮೇಲಿನ ಮೆಟ್ಟಿಲು ಕೆಳಗಿಳಿದಿದೆಯೋ ಇಲ್ಲವೋ ಎಂಬ ಸುದ್ದಿ ಇನ್ನೂ ಬಂದಿಲ್ಲ. ಇಳಿದರೂ ಅಕ್ಕ ಮತ್ತೆ ಧೈರ್ಯ ಮಾಡಿ ಅದರ ಮೇಲೆ ಕಾಲಿಡಬೇಕು. ನಾಗರಪಂಚಮಿಗೆ ಜೀಕಾಲಿ ಕಟ್ಟಿಸಿ ಅವಳನ್ನು ತವರಿಗೆ ಕರೆಯುವವನಿದ್ದೇನೆ.

ನೀವು ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ವಾಹನವಿದ್ದವರು ಇಂದೇ ಒಂದು ಟೇಪು ತೆಗೆದುಕೊಂಡು ನೆಲದಿಂದ ನಿಮ್ಮ ವಾಹನದ ಒಳನೆಲದ ಎತ್ತರವನ್ನು ಅಳೆಯಿರಿ. ಬಳಿಕ ನಿಮ್ಮ ತಾಯಿಯನ್ನು ನಿಲ್ಲಿಸಿ ಅವರ ಮೊಣಕಾಲಿನ ಎತ್ತರವನ್ನೂ ಅಳೆಯಿರಿ. ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಕಳೆಯುವ ಲೆಕ್ಕವನ್ನು ನಾನು ನಿಮಗೆ ಕಲಿಸಿಯೇ ಇದ್ದೇನೆ.